ಕೆಮ್ಮು ನನ್ನದು, ಉತ್ತರ ಮಾವನವರದು

ಇದನ್ನು ಬರೆಯುತ್ತೇನೆ ಎಂದಾಗ ಗಿರಿಜಾ ಒಂದು ಷರತ್ತು ಹಾಕಿದಳು. "ಬರೀರಿ, ಬ್ಯಾಡ ಅನ್ನಲ್ಲ. ಆದ್ರೆ ನಂಗೆ ಓದಿ ಹೇಳ್ಬಿಟ್ಟು ಕಳ್ಸಿ. ನಿಮ್ಮ ನೆನಪಿನಾಗೆ ನಾನು ಒಂದ್ ದಿನನೂ ಸರಿಯಾಗಿ ಮಾತಾಡಿರಲ್ಲ." ಗಿರಿಜಾ ನನ್ನ ಹೆಂಡತಿ. ಅವಳು ಹೇಳಿದ್ದರಲ್ಲಿ ಸತ್ಯವಿದೆ. ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ನಾನು, ಒಬ್ಬನೇ ಸಾಕ್ಷಿ ಹೇಳಿದ್ದನ್ನು ನಂಬಬೇಡಿ ಎಂದು ಹುಡುಗರಿಗೆ ಗಂಟಲು ಹರಿದುಕೊಂಡು ಹೇಳುತ್ತಿದ್ದವನು. ಆ ಒಬ್ಬ ಸಾಕ್ಷಿ ನಾನೇ ಆಗಿರುವಾಗ ಇನ್ನಷ್ಟು ಎಚ್ಚರ ಬೇಕು. ಆದ್ದರಿಂದ ಅವಳ ನೆನಪಿಗೂ ನನ್ನ ನೆನಪಿಗೂ ತಾಳೆಯಾಗದ ಕಡೆ ಎರಡನ್ನೂ ಹೇಳಿದ್ದೇನೆ.

ಇಸವಿಯಲ್ಲೇ ಜಗಳ ಶುರು. ಎಪ್ಪತ್ತರ ದಶಕದ ನಡುಭಾಗ ಎಂಬುದು ಖಂಡಿತ. ತುರ್ತು ಪರಿಸ್ಥಿತಿ ಆಗಲೇ ಬಂದಿತ್ತು ಎಂದು ನಾನು. ಇನ್ನೂ ಬಂದಿರಲಿಲ್ಲ, ಮಗಳು ಆಗ ಸ್ಲೇಟನ್ನೇ ಹಿಡಿದಿರಲಿಲ್ಲ ಎಂದು ಅವಳು. ಮಗಳ ವಯಸ್ಸಿನ ಲೆಕ್ಕದಲ್ಲಿ ಅವಳು ತಪ್ಪಿದ್ದನ್ನು ನಾನು ನೋಡಿಲ್ಲ.

ಇಷ್ಟು ವರ್ಷವಾದ ಮೇಲೆ ಬರೆಯುವುದಕ್ಕೆ ಕಾರಣ ಇಷ್ಟೇ. ಒಂದು ಕಾಯಿಲೆಗೆ ನುಂಗಿದ ಔಷಧಿಯೇ ಇನ್ನೊಂದು ಕಾಯಿಲೆಯಾಗಿ ಎದೆಯಲ್ಲಿ ಕೂತಾಗ ಬರುವ ಸಿಟ್ಟು ಬಹಳ ಒಂಟಿಯಾದ ಸಿಟ್ಟು. ಯಾರನ್ನು ಬೈಯಬೇಕೋ ತಿಳಿಯುವುದಿಲ್ಲ. ಕೊಟ್ಟವರು ಒಳ್ಳೆಯದಕ್ಕೇ ಕೊಟ್ಟಿರುತ್ತಾರೆ, ನುಂಗಿದವನು ನಂಬಿಕೆಯಿಂದಲೇ ನುಂಗಿರುತ್ತಾನೆ. ಅಂಥ ಸಿಟ್ಟು ಹೊತ್ತುಕೊಂಡು ಓಡಾಡುವವರು ಯಾರಾದರೂ ಇದ್ದರೆ, ಜೊತೆಗೆ ಇನ್ನೊಬ್ಬ ಇದ್ದಾನೆ ಎಂದು ಅವರಿಗೆ ತಿಳಿಯಲಿ.

ಶುರುವಾದದ್ದು ಎದೆಯಿಂದಲ್ಲ, ಸೊಂಟದ ಕೆಳಗಿನಿಂದ. ಉರಿಮೂತ್ರ. ಬರುವುದು, ವಾಸಿಯಾಗುವುದು, ಮತ್ತೆ ಬರುವುದು. ನಮ್ಮ ಕಡೆ ಗಂಡಸಿಗೆ ಮೂತ್ರದ ಕಾಯಿಲೆ ಎಂದರೆ ಜನ ಮಾಡಿಕೊಳ್ಳುವ ಅರ್ಥ ಒಂದೇ. ದುರ್ಗದಲ್ಲಿ ಯಾವ ದವಾಖಾನೆಯ ಬೆಂಚಿನ ಮೇಲೆ ಕೂತರೂ ಪಕ್ಕದಲ್ಲಿ ನನ್ನ ವಿದ್ಯಾರ್ಥಿಯ ತಂದೆಯೊಬ್ಬರು ಇದ್ದೇ ಇರುತ್ತಿದ್ದರು. ಅದಕ್ಕೆ ದಾವಣಗೆರೆಗೆ ಹೋದೆ. ಅಲ್ಲಿನ ವೈದ್ಯರು ಹಳದಿ ಬಣ್ಣದ ಮಾತ್ರೆ ಬರೆದುಕೊಟ್ಟು, "ದಿನಾ ಸಂಜೆ ಊಟದ ಜೊತೆ ಒಂದು. ವಾಸಿಯಾಯ್ತು ಅಂತ ನಿಲ್ಲಿಸಬೇಡಿ, ನಿಲ್ಲಿಸಿದ್ರೆ ಮತ್ತೆ ಶುರುವಾಗುತ್ತೆ" ಎಂದರು. ಅವರು ಹೇಳಿದ್ದು ನಿಜವೇ. ಮಾತ್ರೆ ನುಂಗುತ್ತಿದ್ದಷ್ಟು ದಿನ ಉರಿ ಬರಲಿಲ್ಲ. ಮಾತ್ರೆಗಳನ್ನು ಕ್ಷೌರದ ಡಬ್ಬಿಯಲ್ಲಿ ಇಟ್ಟುಕೊಂಡೆ. ಗಿರಿಜಾಳಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಕೆಲವು ತಿಂಗಳ ಮೇಲೆ ಕೆಮ್ಮು ಬಂತು. ಒಣ ಕೆಮ್ಮು. ಸಂಜೆಯಾದರೆ ಮೈ ಬೆಚ್ಚಗೆ. ಕಾಲೇಜಿನ ಮಹಡಿ ಮೆಟ್ಟಿಲು ಹತ್ತಿ ತರಗತಿಗೆ ಹೋದರೆ ಹಾಜರಿ ಕರೆಯುವುದಕ್ಕೆ ಉಸಿರಿರುತ್ತಿರಲಿಲ್ಲ. ಅಶೋಕನ ಶಾಸನ ಓದುತ್ತ ವಾಕ್ಯದ ನಡುವೆ ನಿಂತುಬಿಡುತ್ತಿದ್ದೆ. ಹುಡುಗರು ಅದನ್ನು ಗಾಂಭೀರ್ಯ ಎಂದುಕೊಂಡರು.

ಇಲ್ಲಿಗೆ ಮಾವನವರ ಪ್ರವೇಶ. ಗಿರಿಜಾಳ ತಂದೆ ಹೊಸದುರ್ಗದವರು, ಶೇಕದಾರರಾಗಿ ನಿವೃತ್ತರಾದವರು. ಜೀವಮಾನವಿಡೀ ಊರೂರಿಗೆ ಹೋಗಿ ಬೇರೆಯವರ ಜಮೀನು, ಬೇರೆಯವರ ಬೆಳೆ, ಬೇರೆಯವರ ತಕರಾರುಗಳ ಬಗ್ಗೆ ಮೇಲಿನವರಿಗೆ ವರದಿ ಒಪ್ಪಿಸಿದ್ದವರು. ನಿವೃತ್ತಿಯಾದ ಮೇಲೆ ವರದಿ ಮಾಡಲು ಮನೆಯವರನ್ನು ಬಿಟ್ಟರೆ ಇನ್ನಾರೂ ಉಳಿದಿರಲಿಲ್ಲ. ಪತ್ರದಲ್ಲಿ ಕೆಮ್ಮಿನ ವಿಷಯ ಓದಿದವರೇ ಮೊದಲ ಬಸ್ಸಿಗೆ ಬಂದರು.

ನಮ್ಮ ಕಡೆಯ ಪದ್ಧತಿಯೊಂದನ್ನು ಹೇಳಬೇಕು. ಕಾಯಿಲೆಯವನು ಒಬ್ಬನೇ ವೈದ್ಯರ ಹತ್ತಿರ ಹೋಗುವುದಿಲ್ಲ. ಹೋದರೆ ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲವೆಂದು ಅರ್ಥ. ಜೊತೆಗೆ ಹಿರಿಯರೊಬ್ಬರು ಹೋಗುತ್ತಾರೆ, ಕುರ್ಚಿಯಲ್ಲಿ ಅವರೇ ಕೂರುತ್ತಾರೆ, ಕೇಳಿದ್ದಕ್ಕೆಲ್ಲ ಅವರೇ ಉತ್ತರ ಹೇಳುತ್ತಾರೆ. ಕಾಯಿಲೆಯವನ ಕೆಲಸ ನಾಲಿಗೆ ಚಾಚುವುದು, ಅಂಗಿ ಎತ್ತುವುದು, ಉಸಿರು ಎಳೆಯುವುದು.

"ಎಷ್ಟು ದಿನದಿಂದ ಕೆಮ್ಮು?" ಎಂದರು ದುರ್ಗದ ವೈದ್ಯರು, ನನ್ನನ್ನು ನೋಡುತ್ತ.

"ದಸರಾ ಆದ ಮೇಲಿಂದ ಸಾರ್," ಎಂದರು ಮಾವನವರು. ದಸರೆಯಲ್ಲಿ ಅವರು ನಮ್ಮ ಮನೆಗೆ ಬಂದೇ ಇರಲಿಲ್ಲ. "ಒಣ ಕೆಮ್ಮು. ಸಂಜೆ ಮೈ ಸುಡ್ತೈತೆ."

"ಹಸಿವು?"

"ಹಸಿವು ಇದೆ," ಎಂದೆ ನಾನು.

"ಇಲ್ಲ ಸಾರ್, ಇವ್ರಿಗೆ ಗೊತ್ತಾಗಲ್ಲ. ಪುಸ್ತಕ ಓದ್ಕಂತ ಉಣ್ತಾರೆ. ನಿನ್ನೆ ಅರ್ಧ ಮುದ್ದೆ ಹಂಗೇ ಬಿಟ್ಟವ್ರೆ."

ಮುದ್ದೆ ಬಿಟ್ಟದ್ದು ಮಾವನವರೇ ಬೇಡವೆಂದರೂ ಬಡಿಸಿದ್ದರಿಂದ. ಅದನ್ನು ಹೇಳುವ ಅವಕಾಶ ಬರಲಿಲ್ಲ.

ಈಗ ನನ್ನ ನೆನಪಿನಲ್ಲಿ ಒಂದು ಪ್ರಶ್ನೆ ಇದೆ. ವೈದ್ಯರು ಕೊರಳಿನಿಂದ ಸ್ಟೆತಾಸ್ಕೋಪು ತೆಗೆಯುತ್ತ, "ಬೇರೆ ಏನಾದ್ರೂ ಔಷಧಿ ತಗೊಳ್ತಾ ಇದ್ದಾರಾ?" ಎಂದು ಕೇಳುತ್ತಾರೆ. ಮಾವನವರು, "ಏನೂ ಇಲ್ಲ ಸಾರ್, ಕಾಫಿ ಒಂದು ಬಿಟ್ರೆ" ಎನ್ನುತ್ತಾರೆ. ನಾನು ಬಾಯಿ ತೆರೆದು ಮುಚ್ಚುತ್ತೇನೆ. ಹೆಣ್ಣು ಕೊಟ್ಟ ಮಾವನ ಮುಂದೆ ಉರಿಮೂತ್ರದ ಮಾತು ಹೇಗೆ ತೆಗೆಯುವುದು? ಅದೂ ಅಲ್ಲದೆ ಅದು ಕೆಳಗಿನದು, ಇದು ಮೇಲಿನದು. ಎರಡಕ್ಕೂ ಏನು ಸಂಬಂಧ?

ಈ ದೃಶ್ಯ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಬಾಗಿಲ ಬಳಿ ನಿಂತಿದ್ದ ಗಿರಿಜಾ, ವೈದ್ಯರು ಆ ಪ್ರಶ್ನೆ ಕೇಳಲೇ ಇಲ್ಲ ಎನ್ನುತ್ತಾಳೆ. "ಆಮೇಲೆ ನಿಮಗೆ ಯಾರನ್ನಾದ್ರೂ ಬೈಬೇಕಿತ್ತು, ಅದಕ್ಕೆ ಆ ಪ್ರಶ್ನೆ ಹುಟ್ಟುಸ್ಕಂಡ್ರಿ." ಇರಬಹುದು. ಕಣ್ಣಿಗೆ ಕಟ್ಟಿದ ಹಾಗಿರುವ ನೆನಪುಗಳ ಮೇಲೆಯೇ ನನಗೆ ಹೆಚ್ಚು ಅನುಮಾನ.

ಎಕ್ಸ್-ರೇ ತೆಗೆಸಿದರು. ವೈದ್ಯರು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಎರಡೂ ಕಡೆ ಮಸುಕಾಗಿದೆ, ಕ್ಷಯವಿರಬೇಕು ಎಂದರು. ಕಫ ಪರೀಕ್ಷೆಗೆ ಕೊಡಿ ಎಂದರು. ಒಣ ಕೆಮ್ಮಿನವನು ಕಫ ಎಲ್ಲಿಂದ ತರುವುದು? ಬೆಳಗಾಗೆದ್ದು ಕ್ಯಾಕರಿಸಿ ಕ್ಯಾಕರಿಸಿ ಚೂರು ತಂದುಕೊಟ್ಟೆ. ಅದರಲ್ಲಿ ಏನೂ ಸಿಗಲಿಲ್ಲ.

"ಏನೂ ಸಿಗಲಿಲ್ಲವಲ್ಲ?" ಎಂದೆ.

"ಸಿಗದೇ ಇರೋದೂ ಉಂಟು," ಎಂದರು.

ಸಿಕ್ಕರೂ ಕ್ಷಯ, ಸಿಗದಿದ್ದರೂ ಕ್ಷಯ. ಇಂಥ ತರ್ಕವನ್ನು ಪರೀಕ್ಷೆಯಲ್ಲಿ ಬರೆದವನಿಗೆ ನಾನು ಸೊನ್ನೆ ಹಾಕುತ್ತಿದ್ದೆ. ಈಗ ಅಂಗಿ ಎತ್ತಿಕೊಂಡು ಕೂತಿದ್ದೆ. ಆ ವೈದ್ಯರನ್ನು ದೂರುವುದೂ ಕಷ್ಟ. ಆಗ ದುರ್ಗದಲ್ಲಿ ಸಂಜೆ ಜ್ವರ, ಒಣ ಕೆಮ್ಮು, ಎಕ್ಸ್-ರೇಯಲ್ಲಿ ಮಸುಕು ಎಂದರೆ ಹತ್ತರಲ್ಲಿ ಒಂಬತ್ತು ಜನ ಅದನ್ನೇ ಹೇಳುತ್ತಿದ್ದರು. ದಿನಾ ಚುಚ್ಚುಮದ್ದು ಶುರುವಾಯಿತು. ಮುಂದಿನ ಎಕ್ಸ್-ರೇಯಲ್ಲಿ ತಿಳಿಯಾಗದಿದ್ದರೆ ಸ್ಯಾನಟೋರಿಯಂಗೆ ಬರೆದುಕೊಡುತ್ತೇನೆ, ಅಲ್ಲಿ ತಿಂಗಳುಗಟ್ಟಲೆ ಇರಬೇಕಾಗಬಹುದು ಎಂದರು. ಕೊನೆಗೆ, "ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ?" ಎಂದು ಕೇಳಿದರು.

ಇದ್ದಳು. ಪುಟ್ಟಿಗೆ ಆಗ ಮೂರು ವರ್ಷ. ಹೆಗಲ ಮೇಲೆ ಕೂತಲ್ಲದೆ ಬೀದಿ ದಾಟುತ್ತಿರಲಿಲ್ಲ. ಅವಳನ್ನು ಅತ್ತೆಯವರು ಹೊಸದುರ್ಗಕ್ಕೆ ಕರೆದುಕೊಂಡು ಹೋದರು. ಹೋಗುವ ಮುಂಚೆ ಅವಳಿಗೆ ಪಾಠವಾಯಿತು: ಅಪ್ಪನ ಹತ್ತಿರ ಹೋಗಬಾರದು, ಅಪ್ಪನ ಲೋಟ ಮುಟ್ಟಬಾರದು, ಅಪ್ಪ ಕೆಮ್ಮಿದರೆ ಹೊರಗೆ ಓಡಬೇಕು. ಮಗು ಅದನ್ನು ಆಟವೆಂದು ತಿಳಿಯಿತು. ನಾನು ಕೆಮ್ಮಿದಾಗಲೆಲ್ಲ ಕೇಕೆ ಹಾಕಿ ಅಂಗಳಕ್ಕೆ ಓಡುತ್ತಿದ್ದಳು. ಅವಳನ್ನು ನಗಿಸಲು ಒಂದೆರಡು ಸಲ ಸುಮ್ಮನೆ ಕೆಮ್ಮಿದೆ ಕೂಡ.

ಆಮೇಲಿನ ವಾರಗಳು ಅವಮಾನದವು. ನನ್ನ ತಟ್ಟೆ ಬೇರೆ, ಚೊಂಬು ಬೇರೆ, ಅವನ್ನು ತೊಳೆಯುವ ಕುದಿನೀರು ಬೇರೆ. ಕಾಲೇಜಿನಲ್ಲಿ ಯಾರೂ ಏನೂ ಹೇಳಲಿಲ್ಲ. ನಾನು ಒಳಗೆ ಬಂದ ಕೂಡಲೇ ಯಾರಾದರೊಬ್ಬರಿಗೆ ಸೆಕೆಯಾಗಿ ಕಿಟಕಿ ತೆರೆಯುತ್ತಿದ್ದರು, ಅಷ್ಟೆ. ಕೊನೆಗೆ ರಜೆ ಹಾಕಿದೆ. ಚುಚ್ಚುಮದ್ದಿನಿಂದ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಶುರುವಾಯಿತು. ನೋಡಲು ಬಂದವರು ಕ್ಷಯದಿಂದ ಸತ್ತ ತಮ್ಮ ತಮ್ಮ ಸಂಬಂಧಿಕರ ಕಥೆಗಳನ್ನು ವಿವರವಾಗಿ ಹೇಳಿ, "ನೀವೇನೂ ಯೋಚ್ನೆ ಮಾಡಬ್ಯಾಡ್ರಿ" ಎಂದು ಎದ್ದು ಹೋಗುತ್ತಿದ್ದರು.

ಇಷ್ಟರ ನಡುವೆಯೂ ಒಂದು ಕೆಲಸವನ್ನು ಶಿಸ್ತಿನಿಂದ ಮಾಡಿದೆ. ದಿನಾ ಸಂಜೆ ಊಟದ ಜೊತೆ ಹಳದಿ ಮಾತ್ರೆ ತಪ್ಪಿಸಲಿಲ್ಲ. ಮೈ ಇಷ್ಟು ಕೆಟ್ಟಿರುವಾಗ ಉರಿಮೂತ್ರವೂ ಸೇರಿಕೊಂಡರೆ ಗತಿ ಏನು!

ಎರಡನೆಯ ಎಕ್ಸ್-ರೇ ಮೊದಲಿನದಕ್ಕಿಂತ ಮಸುಕಾಗಿತ್ತು. ವೈದ್ಯರು ಸ್ಯಾನಟೋರಿಯಂಗೆ ಬರೆದುಕೊಟ್ಟರು. ಜಾಗ ಖಾಲಿಯಾಗಲು ಕಾಯಬೇಕಿತ್ತು. ಹೋದರೆ ಯಾವಾಗ ಬರುತ್ತೇನೋ, ಬರುತ್ತೇನೋ ಇಲ್ಲವೋ, ಬಂದಾಗ ಪುಟ್ಟಿಗೆ ನನ್ನ ಗುರುತಿರುತ್ತದೋ ಇಲ್ಲವೋ. ಇದೊಂದೇ ನನ್ನ ತಲೆಯಲ್ಲಿ ತಿರುಗುತ್ತಿತ್ತು.

ಆಗ ಮಾವನವರು ಪಂಡಿತರ ಮಾತು ತೆಗೆದರು. ಹೊಸದುರ್ಗದ ಆಚೆ ಒಂದು ಹಳ್ಳಿಯಲ್ಲಿ ನಾಟಿ ಔಷಧಿ ಕೊಡುವವರು.

"ನನಗೆ ಸೊಪ್ಪಿನ ರಸದಲ್ಲೆಲ್ಲ ನಂಬಿಕೆ ಇಲ್ಲ ಮಾವ," ಎಂದೆ.

"ನಿಮ್ಮ ನಂಬಿಕೆ ಕೇಳಿದ್ಯಾರು ಅಳಿಯಂದ್ರೆ? ಕುಡೀರಿ ಅಂದೆ, ನಂಬ್ರಿ ಅನ್ನಲಿಲ್ಲ."

ಒಪ್ಪಿದೆ. ಪಂಡಿತರಿಗಾಗಿ ಅಲ್ಲ, ಹೊಸದುರ್ಗದಲ್ಲಿ ಪುಟ್ಟಿ ಇದ್ದಳು. ದೂರದಿಂದಲಾದರೂ ನೋಡಬಹುದು ಎಂದುಕೊಂಡೆ. ಗಿರಿಜಾಳೂ ಜೊತೆಗೆ ಹೊರಟಳು. ಬಸ್ಸು ಹೊಳಲ್ಕೆರೆಯಲ್ಲಿ ನಿಂತಾಗ ಮಾವನವರು ಟೀ ಕುಡಿಯಲು ಇಳಿದು, ಹತ್ತುವಷ್ಟರಲ್ಲಿ ಅರ್ಧ ಬಸ್ಸಿಗೆ ನನ್ನ ಕಾಯಿಲೆ ತಿಳಿದಿತ್ತು. ನನ್ನ ಮುಂದಿನ ಸೀಟಿನವರು ಮುಂದಕ್ಕೆ, ಹಿಂದಿನ ಸೀಟಿನವರು ಹಿಂದಕ್ಕೆ ಸರಿದುಕೊಂಡರು. ಹೊಸದುರ್ಗದವರೆಗೆ ಕಾಲು ಚಾಚಿಕೊಂಡು ಹೋದೆ.

ಪಂಡಿತರೂ ಮಾವನವರನ್ನೇ ಪ್ರಶ್ನೆ ಕೇಳಿದರು. ಆಡಿನ ಹಾಲಿನಲ್ಲಿ ಅರೆದ ಯಾವುದೋ ಸೊಪ್ಪು, ಬರಿಹೊಟ್ಟೆಗೆ. ಜೊತೆಗೆ ಪಥ್ಯ: ಹುಳಿಯಿಲ್ಲ, ಖಾರವಿಲ್ಲ, ಎಣ್ಣೆಯಿಲ್ಲ. "ಇನ್ನೊಂದು ಮಾತು. ಇಂಗ್ಲಿಷ್ ಔಷಧಿ ಒಂದು ಚೂರೂ ಒಳಗೆ ಹೋಗಂಗಿಲ್ಲ. ಹೋತು ಅಂದ್ರೆ ನನ್ನ ಔಷಧಿ ತಿರುಗಿ ಬೀಳ್ತೈತೆ, ಆಮೇಲೆ ನನ್ನ ಕೇಳಬ್ಯಾಡ್ರಿ."

ಹೊಸದುರ್ಗದ ಮನೆಗೆ ಬಂದ ಕೂಡಲೇ ಅತ್ತೆಯವರು ಸೆರಗು ಸಿಕ್ಕಿಸಿ ನಿಂತರು. "ಗಿರಿಜಾ, ಅದೇನೇನು ಗುಳಿಗೆ ಅವೆ ಎಲ್ಲಾ ತಾರೇ." ಗಿರಿಜಾ ಚೀಲದಲ್ಲಿದ್ದದ್ದನ್ನೆಲ್ಲ ತಂದಳು. ಆಮೇಲೆ ಕ್ಷೌರದ ಡಬ್ಬಿಗೂ ಕೈಹಾಕಿದಳು.

"ಅದು ಬೇರೆ ಕಣೇ," ಎಂದು ಪಿಸುಗುಟ್ಟಿದೆ.

"ಎಲ್ಲಾ ಅಂದ್ರೆ ಎಲ್ಲಾ," ಎಂದಳು ಅವಳು, ಪಿಸುಗುಟ್ಟದೆ. ಮಾವನವರು ಪಡಸಾಲೆಯಲ್ಲೇ ಕೂತಿದ್ದರು. ಯಾವ ಮಾತ್ರೆ, ಯಾತಕ್ಕೆ ಎಂದು ಅವರ ಮುಂದೆ ವಾದ ಮಾಡುವ ಹಾಗಿರಲಿಲ್ಲ. ಅತ್ತೆಯವರು ಎಲ್ಲವನ್ನೂ ಹಳೆ ಬಟ್ಟೆಯಲ್ಲಿ ಗಂಟು ಕಟ್ಟಿ ಅಟ್ಟದ ಮೇಲೆ ಇಟ್ಟರು. ಚುಚ್ಚುಮದ್ದೂ ನಿಂತಿತು.

ಹೇಳುವುದಕ್ಕೇ ನಾಚಿಕೆ, ನನಗೆ ಗುಣವಾಗತೊಡಗಿತು.

ಮೊದಲು ಜ್ವರ ಬಿಟ್ಟಿತು. ಆಮೇಲೆ ಕೆಮ್ಮು ಇಳಿಯಿತು. ಬಸ್ ನಿಲ್ದಾಣದವರೆಗೆ ನಡೆದು ಪತ್ರಿಕೆ ತರುವಾಗ ದಾರಿಯಲ್ಲಿ ಯಾವ ಜಗುಲಿಯ ಮೇಲೂ ಕೂರುತ್ತಿರಲಿಲ್ಲ. ನಾನು ಜಗುಲಿಯ ಈ ತುದಿಯಲ್ಲಿ, ಪುಟ್ಟಿ ಅಂಗಳದ ಆ ತುದಿಯಲ್ಲಿ. ಅಲ್ಲಿಂದಲೇ ಕೂಗಿ ಕೇಳುತ್ತಿದ್ದಳು, "ಅಪ್ಪಾ, ಇವತ್ತು ಕೆಮ್ಮು ಬಂತಾ?" ಬರಲಿಲ್ಲ ಎಂದರೆ ಅವಳಿಗೆ ನಿರಾಶೆ, ಓಡುವ ಆಟ ನಿಂತುಹೋಗಿತ್ತಲ್ಲ.

ಮಾವನವರು ಪಂಡಿತರಿಗೆ ಪಂಚೆ, ತೆಂಗಿನಕಾಯಿ ಕಳಿಸಿದರು. ಹೊಸದುರ್ಗದಲ್ಲಿ ಸಿಕ್ಕಸಿಕ್ಕವರಿಗೆಲ್ಲ ನನ್ನನ್ನು ತೋರಿಸಿದರು. "ಎಮ್ಮೆ ಓದವ್ರೆ, ನಂಬಿಕೆ ಇಲ್ಲ ಅಂದಿದ್ರು, ಈಗ ನೋಡ್ರಿ." ಎಂ.ಎ. ಎನ್ನುವುದು ಅವರ ಬಾಯಲ್ಲಿ ಯಾವಾಗಲೂ ಹೀಗೆಯೇ. ದುರ್ಗದ ವೈದ್ಯರಿಗೆ ಪತ್ರ ಬರೆದೆ. ಚುಚ್ಚುಮದ್ದು ಈಗ ಕೆಲಸ ಮಾಡಲು ಶುರುಮಾಡಿದೆ, ಯಾಕೆ ನಿಲ್ಲಿಸಿದಿರಿ ಎಂದು ಅವರ ಉತ್ತರ ಬಂತು. ನಾನು ಜಗುಲಿಯ ಮೇಲೆ ಕೂತು ತಲೆ ಕೆರೆದುಕೊಂಡೆ. ಊಟ ಬದಲಾಗಿತ್ತು, ಊರು ಬದಲಾಗಿತ್ತು, ಚುಚ್ಚುಮದ್ದು ನಿಂತಿತ್ತು, ಸೊಪ್ಪು ಸೇರಿತ್ತು. ಇಷ್ಟರಲ್ಲಿ ಯಾವುದರಿಂದ ಗುಣ ಎಂದು ಹೇಳುವುದು ಹೇಗೆ? ನಾನು ಮಾಡಿಕೊಂಡ ಈ ಪಟ್ಟಿಯಲ್ಲಿ ಹಳದಿ ಮಾತ್ರೆ ಇರಲೇ ಇಲ್ಲ. ಅದನ್ನು ನಾನು ಔಷಧಿ ಎಂದೇ ಎಣಿಸುತ್ತಿರಲಿಲ್ಲ. ಅದು ಕ್ಷೌರದ ಬ್ಲೇಡಿನ ಹಾಗೆ ಒಂದು ಸಾಮಾನು.

ಪಥ್ಯ ಮುಗಿಯಿತು. ಬೆಂಗಳೂರಿಗೆ ಉತ್ತರಪತ್ರಿಕೆ ತಿದ್ದಲು ಕರೆ ಬಂದಿತ್ತು. ಮನೆಯಲ್ಲಿ ಕೂತು ಕೂತು ಹುಚ್ಚು ಹಿಡಿಯುವಂತಾಗಿದ್ದವನು ಹೊರಟೇಬಿಟ್ಟೆ. ಜೊತೆಗೆ ಬರುತ್ತೇನೆಂದ ಮಾವನವರನ್ನು ತಡೆಯುವುದೇ ಒಂದು ಯುದ್ಧವಾಯಿತು. ಹೊರಡುವಾಗ ಅತ್ತೆಯವರಿಂದ ಗಂಟು ಇಸಿದುಕೊಂಡೆ.

ಬೆಂಗಳೂರಿನಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಉರಿ ಮತ್ತೆ ಕಾಣಿಸಿಕೊಂಡಿತು. ನಿಲ್ಲಿಸಿದರೆ ಬರುತ್ತದೆ ಎಂದಿದ್ದರಲ್ಲ. ಹೊರಡುವ ದಿನ ಬೆಳಿಗ್ಗೆ ಇಡ್ಲಿ ತಿಂದು, ಬಸ್ಸು ಹತ್ತುವ ಮುಂಚೆ ಒಂದು ಹಳದಿ ಮಾತ್ರೆ ನುಂಗಿದೆ. ಬಿಟ್ಟುಹೋಗಿದ್ದಕ್ಕೆ ಸೇರಿಸಿ ಇನ್ನೊಂದನ್ನೂ ನುಂಗಿದೆನೋ ಏನೋ. ನುಂಗಿದ್ದೆ ಎಂದು ಒಮ್ಮೆ ಅನ್ನಿಸುತ್ತದೆ, ಇಲ್ಲ ಎಂದು ಒಮ್ಮೆ.

ತುಮಕೂರು ದಾಟುವವರೆಗೆ ಚೆನ್ನಾಗಿಯೇ ಇದ್ದೆ. ಶಿರಾದ ಹತ್ತಿರ ಚಳಿ ಹತ್ತಿತು. ಬಿರುಬಿಸಿಲಿನಲ್ಲಿ ಹಲ್ಲು ಕಟಕಟ ಎನ್ನುತ್ತಿತ್ತು. ಅಲ್ಲಿ ಹತ್ತಿ ನನ್ನ ಪಕ್ಕ ಕೂತ ಮುದುಕ ಕೇಳದೆಯೇ ತನ್ನ ಕಂಬಳಿ ಬಿಚ್ಚಿ ನನಗೆ ಹೊದಿಸಿದ. ಕುರಿ ಮಾರಿ ಐಮಂಗಲಕ್ಕೆ ಹಿಂತಿರುಗುತ್ತಿದ್ದವನು. ಈರಣ್ಣನೋ ಚಿತ್ರಣ್ಣನೋ, ಹೆಸರು ಹೇಳಿದ್ದ; ಅದನ್ನು ಉಳಿಸಿಕೊಳ್ಳಲಾಗದ ನನ್ನ ನೆನಪಿನ ಶಕ್ತಿಗೆ ಏನೆನ್ನಲಿ. ಹಿರಿಯೂರು ಬರುವಷ್ಟರಲ್ಲಿ ಉಸಿರು ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ಬಾವಿಯಲ್ಲಿ ಮುಳುಗುವವನ ಹಾಗೆ ಮೇಲಕ್ಕೆ ಮೇಲಕ್ಕೆ ಎಳೆಯುತ್ತಿದ್ದೆ.

"ತಡ್ಕಳ್ರಿ ಸಾರ್," ಎಂದ ಕಂಡಕ್ಟರ್. "ಐಮಂಗಲ ದಾಟಿದ್ರೆ ದುರ್ಗ ಬಂದೇ ಬಿಡ್ತೈತೆ."

"ದುರ್ಗ ಬರೋ ಹೊತ್ಗೆ ಇವ್ನು ಇರ್ಬೇಕಲ್ಲಲೇ!" ಎಂದ ಮುದುಕ. "ಉಗುರು ನೋಡು, ನ್ಯಾರಳೆ ಹಣ್ಣಾಗೈತೆ. ಇಳ್ಸು ಇಲ್ಲೇ."

ನನ್ನನ್ನು ಇಳಿಸಿದರು. ಮುದುಕನೂ ಇಳಿದ. ಹಿರಿಯೂರಿನ ಆಸ್ಪತ್ರೆಯವರೆಗೆ ಹೆಚ್ಚುಕಡಿಮೆ ಹೊತ್ತುಕೊಂಡೇ ಹೋದ. ಅಲ್ಲಿದ್ದ ವೈದ್ಯೆ ನಡುವಯಸ್ಸಿನವರು, ಮಾತು ಚುಟುಕು. ಮೂಗಿಗೆ ಆಮ್ಲಜನಕದ ಕೊಳವೆ ಇಡಿಸಿ, ಕೈ ಹಿಡಿದು ನಾಡಿ ನೋಡುತ್ತ ಕೇಳಿದರು, "ಯಾವಾಗಿನಿಂದ ಹೀಗೆ?"

"ನಾನು ಶಿರಾದಾಗ ಹತ್ತಿದೆ ತಾಯಿ, ಆವಾಗ್ಲೇ ಚಳಿ ಹತ್ತಿತ್ತು," ಎಂದ ಮುದುಕ. "ಬೆಳಿಗ್ಗಿಂದ ಹೊಟ್ಟೆಗೆ ಏನೂ ಹಾಕ್ಕಂಡಂಗೆ ಕಾಣಲ್ಲ. ಮನೇಲಿ ಏನೋ ಚಿಂತೆ ಐತೆ ಅನ್ಸತೈತೆ."

"ನೀವು ಇವರಿಗೆ ಏನಾಗಬೇಕು?"

"ಏನೂ ಆಗ್ಬೇಕಿಲ್ಲ. ಪಕ್ಕದ ಸೀಟು."

ವೈದ್ಯೆ ಬಾಗಿಲ ಕಡೆ ಕೈ ತೋರಿಸಿದರು. "ಹೊರಗೆ ಕುಂತ್ಕಳ್ರಿ ಯಜಮಾನ್ರೆ. ಇವರ ಬಾಯಿ ಇವರ ಹತ್ರಾನೇ ಇದೆ."

ಅವನು ಹೋದ. ಕೋಣೆಯಲ್ಲಿ ನಾನು, ಅವರು, ಸಿಲಿಂಡರಿನ ಸದ್ದು. ಕೆಮ್ಮು ಶುರುವಾದಾಗಿನಿಂದ ವೈದ್ಯರೊಬ್ಬರ ಮುಂದೆ ನಾನು ಒಬ್ಬನೇ ಇದ್ದದ್ದು ಅದೇ ಮೊದಲು.

"ಬೆಳಿಗ್ಗೆಯಿಂದ ಬಾಯಿಗೆ ಏನೇನು ಹೋಗಿದೆ? ಎಲ್ಲ ಹೇಳಿ. ನಿಧಾನವಾಗಿ."

"ಇಡ್ಲಿ. ಕಾಫಿ. ಮಾತ್ರೆ."

"ಯಾವ ಮಾತ್ರೆ?"

ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ. ಹೇಳಿದೆ. ನನ್ನ ಚೀಲದಿಂದ ಗಂಟು ತೆಗೆದು ಬಿಚ್ಚಿ, ಹಳದಿ ಮಾತ್ರೆಯ ಪೊಟ್ಟಣವನ್ನು ಕಿಟಕಿಯ ಬಳಿ ಹಿಡಿದು ಓದಿದರು. ನೈಟ್ರೋಫುರಾಂಟಾಯಿನ್. ನುಂಗುತ್ತಿದ್ದುದರ ಹೆಸರನ್ನು ಯಾರಾದರೂ ನನ್ನೆದುರಿಗೆ ಗಟ್ಟಿಯಾಗಿ ಹೇಳಿದ್ದೂ ಅದೇ ಮೊದಲು.

"ಎಷ್ಟು ದಿನದಿಂದ?"

"ತಿಂಗಳುಗಟ್ಟಲೆ ಆಯ್ತು. ನಡುವೆ ಪಥ್ಯ ಅಂತ ಬಿಟ್ಟಿದ್ದೆ."

"ಬಿಟ್ಟಾಗ ಹೇಗಿದ್ರಿ?"

"ಜ್ವರ ಬಿಡ್ತು. ಕ್ಷಯ ಅಂದಿದ್ದ ಕೆಮ್ಮೂ ಇಳೀತು," ಎಂದೆ; ಹೇಳುತ್ತಿರುವಾಗಲೇ ನನಗೂ ಹೊಳೆಯಿತು.

"ನನಗೂ ಖಾತ್ರಿ ಇಲ್ಲ," ಎಂದರು ಅವರು. "ನಾನು ಕಲಿಯೋವಾಗ ಒಬ್ಬ ಹೆಂಗಸಿಗೆ ಇದೇ ಥರ ಆಗಿದ್ದು ನೋಡಿದ್ದೆ. ಶ್ವಾಸಕೋಶಕ್ಕೆ ಈ ಮಾತ್ರೆ ಒಗ್ಗದೆ ಊತ ಬಂದಿತ್ತು. ಕೆಲವರಿಗೆ ಆಗುತ್ತೆ. ನಿಮಗೂ ಅದೇ ಇರಬಹುದು, ಇಲ್ಲದೆಯೂ ಇರಬಹುದು. ಮೊದಲು ಇದನ್ನ ಬಿಡಿ, ನೋಡೋಣ. ನಿಮ್ಮನ್ನ ನೋಡಿದ ವೈದ್ಯರಿಗೆ ಇದನ್ನ ಹೇಳಿರಲಿಲ್ವಾ?"

"ಕೇಳಲಿಲ್ಲ," ಎಂದೆ. ಹೇಳಿದ ಕ್ಷಣವೇ ಅನುಮಾನ ಬಂತು. "ಕೇಳಿದ್ರು ಅನ್ಸುತ್ತೆ. ಗೊತ್ತಿಲ್ಲ."

ಮುದುಕ ಸಂಜೆಯವರೆಗೆ ಹೊರಗಿನ ಬೆಂಚಿನ ಮೇಲೆ ಕೂತಿದ್ದು, ನನ್ನ ಉಗುರು ನೋಡಿ ತೃಪ್ತಿಯಾದ ಮೇಲೆ ಕಂಬಳಿ ತೆಗೆದುಕೊಂಡು ಹೋದನಂತೆ. ನನಗೆ ಆಗ ನಿದ್ದೆ.

ಮಾರನೆಯ ದಿನ, ಆಸ್ಪತ್ರೆಯಿಂದ ಹೋದ ತಂತಿ ತಲುಪಿ, ಮಾವನವರು, ಅತ್ತೆಯವರು, ಗಿರಿಜಾ ಮೂವರೂ ಬಂದಿಳಿದರು. ಪುಟ್ಟಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದರು. ಮಾವನವರು ವೈದ್ಯೆಯ ಮುಂದಿನ ಕುರ್ಚಿ ಎಳೆದುಕೊಂಡು ಕೂತು ಗಂಟಲು ಸರಿಮಾಡಿಕೊಂಡರು. "ನಮ್ಮ ಅಳಿಯಂದ್ರ ಕೇಸು ಮೊದ್ಲಿಂದ ಹೇಳ್ಬಿಡ್ತೀನಿ ಮೇಡಂ. ದಸರಾ ಆದ ಮೇಲಿಂದ..."

"ಅವರೇ ಎಲ್ಲ ಹೇಳಿದಾರೆ."

"ಅವ್ರಿಗೆ ಗೊತ್ತಾಗಲ್ಲ ಮೇಡಂ."

"ಅವರ ಮೂತ್ರದ ಕಾಯಿಲೆ ನಿಮಗೆ ಗೊತ್ತಿತ್ತಾ?"

ನಾನು ಗೋಡೆಯ ಕಡೆ ತಿರುಗಿಕೊಂಡೆ. ಅತ್ತೆಯವರು ಫ್ಲಾಸ್ಕಿನ ಮುಚ್ಚಳ ತಿರುವುತ್ತಿದ್ದ ಸದ್ದು ನಿಂತಿತು. ತಿಂಗಳುಗಟ್ಟಲೆ ಜೀವ ಪಣವಿಟ್ಟು ಕಾಪಾಡಿಕೊಂಡಿದ್ದ ಮಾನ ಒಂದು ವಾಕ್ಯದಲ್ಲಿ ಹೋಯಿತು.

"ಉರಿಮೂತ್ರನಾ?" ಎಂದರು ಮಾವನವರು. "ಅಯ್ಯೋ, ಅದು ನಂಗೂ ಎಷ್ಟೋ ವರ್ಷದಿಂದ ಐತಲ್ಲ! ಸರ್ವೀಸಿನಾಗೆ ಬಿಸಿಲಾಗೆ ತಿರುಗಿ ತಿರುಗಿ ಬಂದಿದ್ದು. ಬಾರ್ಲಿ ನೀರು ಕುಡಿದ್ರೆ ಹೋಗ್ತೈತೆ. ನನ್ನ ಕೇಳಿದ್ರೆ ಹೇಳ್ತಿದ್ದೆ. ಅಷ್ಟಕ್ಕೆ ದಾವಣಗೆರೆಗೆ ಹೋಗ್ಬೇಕಿತ್ತಾ ಅಳಿಯಂದ್ರೆ?"

ನನಗೆ ಆ ಗಳಿಗೆಯಲ್ಲಿ ಅವರನ್ನು ಕಿಟಕಿಯಿಂದ ಹೊರಗೆ ಎಸೆಯುವಷ್ಟು ಸಿಟ್ಟು ಬಂತು. ಎಸೆಯಲು ಉಸಿರಿರಲಿಲ್ಲ.

ಊತ ಇಳಿಸುವ ಮಾತ್ರೆ ಕೊಟ್ಟು ಸ್ವಲ್ಪ ದಿನ ಹಿರಿಯೂರಿನಲ್ಲೇ ಇಟ್ಟುಕೊಂಡರು. ಕಫವನ್ನು ಮತ್ತೆ ಮತ್ತೆ ಪರೀಕ್ಷೆ ಮಾಡಿಸಿದರು. ಕ್ಷಯದ ಸುಳಿವು ಸಿಗಲಿಲ್ಲ. ಹಳದಿ ಮಾತ್ರೆ ನಿಂತಿತು. ಉರಿಮೂತ್ರಕ್ಕೆ ಬೇರೆ ಔಷಧಿ, ಜೊತೆಗೆ ಬಾರ್ಲಿ ನೀರು. ಮಾವನವರ ಕಾವಲಿನಲ್ಲಿ ಅದನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಕೆಲವು ವಾರದ ಮೇಲಿನ ಎಕ್ಸ್-ರೇಯಲ್ಲಿ ಮಸುಕು ಬಹುಪಾಲು ಹೋಗಿತ್ತು. ಸ್ಯಾನಟೋರಿಯಂನಲ್ಲಿ ಜಾಗ ಖಾಲಿಯಾಗಿದೆ ಎಂಬ ಕಾಗದವೂ ಅದೇ ವಾರ ಬಂತು. ಅಲ್ಲಿಗೆ ಹೋಗಲಿಲ್ಲ.

ಆ ಎಕ್ಸ್-ರೇ ನೋಡಿ ಯಾರೂ ತಮ್ಮ ಮಾತು ಬದಲಿಸಲಿಲ್ಲ ಎಂಬುದನ್ನು ಹೇಳಲೇಬೇಕು. ದುರ್ಗದ ವೈದ್ಯರು, ಚುಚ್ಚುಮದ್ದು ಪೂರ್ತಿ ತೆಗೆದುಕೊಂಡಿದ್ದರೆ ಇನ್ನೂ ಬೇಗ ತಿಳಿಯಾಗುತ್ತಿತ್ತು ಎಂದರು. ಪಂಡಿತರು, ಇಂಗ್ಲಿಷ್ ಔಷಧಿ ಹೋದರೆ ತಿರುಗಿ ಬೀಳುತ್ತದೆ ಎಂದು ಮೊದಲೇ ಹೇಳಿದ್ದೆನಲ್ಲ ಎಂದು ಹೇಳಿ ಕಳಿಸಿದರು. ಅವರ ಮಾತು ಅಕ್ಷರಶಃ ನಿಜವಾಗಿತ್ತು ಎಂಬುದು ನನ್ನನ್ನು ಇವತ್ತಿಗೂ ಕೆರಳಿಸುತ್ತದೆ. ಮಾವನವರ ಪ್ರಕಾರ ಗುಣವಾದದ್ದು ಬಾರ್ಲಿ ನೀರಿನಿಂದ.

ನನಗೂ ಪೂರ್ತಿ ನೆಮ್ಮದಿ ಇರಲಿಲ್ಲ. ಬಸ್ಸಿನಲ್ಲಿ ಆದದ್ದು ಕಾಕತಾಳೀಯವೂ ಇರಬಹುದಲ್ಲ? ಉಳಿದ ಮಾತ್ರೆಯಲ್ಲಿ ಒಂದನ್ನು ನುಂಗಿ, ಏನಾಗುತ್ತದೆ ನೋಡಿದರೆ ಖಚಿತವಾಗುತ್ತದೆ. ಆಸ್ಪತ್ರೆ ಹತ್ತಿರದಲ್ಲೇ ಇರುವಾಗ ಮಾಡಿದರಾಯಿತು. ಈ ಯೋಚನೆಯನ್ನು ದುರ್ಗದ ಮನೆಯಲ್ಲಿ ಗಿರಿಜಾಳಿಗೆ ಹೇಳಿದೆ.

ಅವಳು ಆ ಪೊಟ್ಟಣ ತೆಗೆದುಕೊಂಡು ಬಚ್ಚಲೊಲೆಗೆ ಹಾಕಿದಳು.

"ಇನ್ನು ಖಾತ್ರಿ ಮಾಡ್ಕೊಳ್ಳೋದು ಹೇಗೆ?" ಎಂದೆ, ಸಿಟ್ಟಿನಿಂದ.

"ಖಾತ್ರಿ ಆಗ್ದಲೇ ಬದುಕ್ರಿ," ಎಂದಳು.

ಹಾಗೆಯೇ ಬದುಕುತ್ತಿದ್ದೇನೆ. ಯಾವ ಹೊಸ ವೈದ್ಯರ ಹತ್ತಿರ ಹೋದರೂ ಆ ಮಾತ್ರೆಯ ಹೆಸರನ್ನು ಮೊದಲು ಹೇಳುತ್ತೇನೆ. ದಿಬ್ಬ ಹತ್ತುವಾಗ ಈಗಲೂ ಸ್ವಲ್ಪ ಏದುಸಿರು.

ಪುಟ್ಟಿಯನ್ನು ಕರೆತರಲು ಗಿರಿಜಾಳ ಜೊತೆ ನಾನೇ ಹೊಸದುರ್ಗಕ್ಕೆ ಹೋದೆ. ಅವಳನ್ನು ಮುಟ್ಟಬಹುದು ಎಂದು ಹಿರಿಯೂರಿನ ವೈದ್ಯೆ ಎರಡೆರಡು ಸಲ ಹೇಳಿದ್ದರು. ನನಗೆ ಹೇಳಿದ್ದರು, ಅವಳಿಗೆ ಯಾರೂ ಹೇಳಿರಲಿಲ್ಲ. ಬಾ ಎಂದು ಕೈ ಚಾಚಿದರೆ ಹೊಸ್ತಿಲಾಚೆ ನಿಂತು ತಲೆ ಅಲ್ಲಾಡಿಸಿದಳು. ಕಲಿಸಿದ ಪಾಠವನ್ನು ಅವಳು ಚೆನ್ನಾಗಿ ಕಲಿತಿದ್ದಳು. ಅತ್ತೆಯವರು ಗದರಿದರು, ಮಾವನವರು ಪುಸಲಾಯಿಸಿದರು, ಗಿರಿಜಾ ಎತ್ತಿಕೊಂಡು ಬಂದು ನನ್ನ ಮಡಿಲಲ್ಲಿ ಕೂರಿಸಲು ನೋಡಿದಳು; ಕಿರುಚಿ ಓಡಿಹೋದಳು. ಎಲ್ಲರನ್ನೂ ಸುಮ್ಮನಿರಿ ಎಂದು ಬೈದು ಜಗುಲಿಯ ಮೇಲೆ ಪತ್ರಿಕೆ ಹಿಡಿದು ಕೂತೆ. ಅಕ್ಷರ ಕಾಣುತ್ತಿರಲಿಲ್ಲ.

ತುಂಬ ಹೊತ್ತಾದ ಮೇಲೆ ಪತ್ರಿಕೆಯ ಅಂಚಿನ ಕೆಳಗೆ ಒಂದು ಪುಟ್ಟ ಕೈ ಬಂತು. ಕೈಯಲ್ಲಿ ಊದದ ಕೆಂಪು ಬಲೂನು. ಮನೆಯಲ್ಲಿ ಊದಿಕೊಡುವವರು ಆಗ ಯಾರೂ ಇರಲಿಲ್ಲ. ಮಾವನವರು ಹೊರಗೆ ಹೋಗಿದ್ದರು.

"ಊದು," ಎಂದಳು.

ಬಾಯಿಗಿಟ್ಟು ಊದಿದೆ. ಎದೆ ಹಿಡಿದುಕೊಂಡಿತು. ನಿಲ್ಲಿಸಿ, ಬಲೂನಿನ ಬಾಯಿ ಬೆರಳಲ್ಲಿ ಒತ್ತಿ ಹಿಡಿದು, ಉಸಿರು ತಂದುಕೊಂಡು ಮತ್ತೆ ಊದಿದೆ. ಅವಳು ಹತ್ತಿರ ಬಂದು, ನನ್ನ ಮೊಣಕಾಲಿಗೆ ಒರಗಿ, ನನ್ನ ಕೆನ್ನೆಗಳನ್ನೇ ನೋಡುತ್ತಿದ್ದಳು. ಬಲೂನು ಒಂದು ದೊಡ್ಡ ಮಾವಿನಹಣ್ಣಿನಷ್ಟಾಯಿತು. ಅದಕ್ಕಿಂತ ಮುಂದೆ ನನ್ನಿಂದಾಗಲಿಲ್ಲ. ಗಂಟು ಹಾಕಿ ಕೊಟ್ಟೆ.

ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ತಾತ ಇನ್ನೂ ದೊಡ್ಡದು ಊದ್ತಾರೆ," ಎಂದು ಹೇಳಿ ನನ್ನ ಮಡಿಲು ಹತ್ತಿ ಕೂತಳು.